ನೂರಹನ್ನೆರಡನೆಯ ಕಂತು

ಕಂತು ಶುರುವಾಗುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು, ಎವೆರಾಲ್ದೊನ ಕಣ್ಣು ಆಗಲೇ ಒದ್ದೆಯಾಗತೊಡಗಿತ್ತು. ಅವನಿಗೆ ಇದು ಹೊಸದೇನಲ್ಲ. ಇಪ್ಪತ್ತಾರು ವರ್ಷದ ಹಿಂದಿನ ‘ಆರದ ದೀಪದ ಮನೆ’ ಧಾರಾವಾಹಿಯನ್ನು ಟೀವಿಯವರು ಮಾರ್ಚ್ ತಿಂಗಳಿನಿಂದ ಮಧ್ಯಾಹ್ನದ ಹೊತ್ತು ಮತ್ತೆ ತೋರಿಸತೊಡಗಿದ ಮೇಲೆ ಅವನ ಕಣ್ಣಿಗೂ ಒಂದು ವೇಳಾಪಟ್ಟಿ ಬಂದುಬಿಟ್ಟಿತ್ತು. ಆದರೆ ಈಗ ಕೌಂಟರಿನ ಆಚೆ ಜನ ನಿಂತಿದ್ದರು. ಎದುರಿಗಿದ್ದವನು ಹಾಲಿನ ಲಾರಿ ಓಡಿಸುವ ಒಬ್ಬ ಯುವಕ. ಮೊನ್ನೆ ಹುಟ್ಟಿದ ಮಗನಿಗೆ ಮೂವರು ಫುಟ್‌ಬಾಲ್ ಆಟಗಾರರ ಹೆಸರನ್ನು ಸೇರಿಸಿ ಹೊಲಿದು ಒಂದೇ ಹೆಸರು ಮಾಡಿ, ಚೀಟಿಯಲ್ಲಿ ಬರೆಸಿಕೊಂಡು ತಂದಿದ್ದ. ಜನನ ನೋಂದಣಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಎವೆರಾಲ್ದೊ ಇಂಥವರಿಗೆಂದೇ ಒಂದು ಉಪದೇಶ ಇಟ್ಟುಕೊಂಡಿದ್ದ, ಅದನ್ನು ಶುರು ಮಾಡಿದ. ಹೆಸರು ಅಪ್ಪನ ಖುಷಿಗೆ ಇಡುವುದಲ್ಲ, ಹೊರುವುದು ಮಗು. ಶಾಲೆಯ ಹಾಜರಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಇಗರ್ಜಿಯಲ್ಲಿ ಮದುವೆಯ ದಿನ ಎಲ್ಲರೆದುರು ಕೂಗಿದಾಗ ಓಗೊಡಬೇಕಾದವನು ಅವನು. ಯುವಕ ವಿನಯದಿಂದ ತಲೆಯಾಡಿಸಿದ. ಎದುರಿನ ಮನುಷ್ಯನ ಕಣ್ಣಿನ ನೀರು ನೋಡಿ, ಸಾಹೇಬರಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದ. ಒಬ್ಬಳು ಮಗಳು ಅಂದ ಎವೆರಾಲ್ದೊ. ಹೆಸರೇನು ಅಂದ ಯುವಕ. ಪಕ್ಕದ ಕೌಂಟರಿನ ಜೆನಿಲ್ಡಾ ಕೆಮ್ಮಿದಳು.

“ನೆಬ್ಲೀನಾ,” ಅಂದ ಎವೆರಾಲ್ದೊ.

ನೆಬ್ಲೀನಾ ಅಂದರೆ ಮಂಜು. ಗುಡ್ಡದ ಮೇಲಿನ ಗರನ್ಯೂನ್ಸ್ ಊರಿನಲ್ಲಿ ಜುಲೈ ತಿಂಗಳ ಚಳಿಗಾಲದಲ್ಲಿ ಮಂಜು ಕಿಟಕಿಯಿಂದ ನುಗ್ಗಿ ಹಾಸಿಗೆಯ ತನಕ ಬರುತ್ತದೆ. ಅಂಥ ಊರಲ್ಲಿ ಒಬ್ಬ ಅಪ್ಪ ಮಗಳಿಗೆ ಆ ಹೆಸರಿಟ್ಟಿದ್ದ. ಯುವಕ ಚೆನ್ನಾಗಿದೆ ಅಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಕಷ್ಟವಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ನೀರಿನ ಬಾನಿಯಲ್ಲಿ ಬಿದ್ದಿತ್ತಂತೆ. ಎವೆರಾಲ್ದೊ ಉಪದೇಶ ಬಿಟ್ಟು ಮೂವರು ಆಟಗಾರರನ್ನೂ ಒಂದೇ ಗೆರೆಯಲ್ಲಿ ಬರೆದು, ಮೊಹರು ಒತ್ತಿ ಕೊಟ್ಟ.

ಇವತ್ತು ಎರಡು ಸಂಗತಿ ಒಟ್ಟಿಗೆ ಬಂದಿದ್ದವು. ಎರಡೂವರೆಗೆ ನೂರಹನ್ನೆರಡನೆಯ ಕಂತು. ಮೂರೂವರೆಗೆ ನೆಬ್ಲೀನಾ ತನ್ನ ಹೆಸರು ಬದಲಾಯಿಸಲು ಇದೇ ಕಚೇರಿಗೆ ಬರುವವಳಿದ್ದಳು. ಎರಡು ವರ್ಷದ ಹಿಂದೆ ಬಂದ ಕಾಯಿದೆಯ ಪ್ರಕಾರ ಹದಿನೆಂಟು ತುಂಬಿದ ಯಾರಾದರೂ ಬಂದು, ನ್ಯಾಯಾಧೀಶರ ಗೊಡವೆಯಿಲ್ಲದೆ, ಜೀವನದಲ್ಲಿ ಒಂದು ಸಲ ಹೆಸರು ಬದಲಿಸಿಕೊಳ್ಳಬಹುದು. ಯಾಕೆ ಎಂದು ಕೌಂಟರಿನವನು ಕೇಳುವ ಹಾಗಿಲ್ಲ. ಈ ಸಾಲನ್ನು ಎವೆರಾಲ್ದೊ ಎಷ್ಟೋ ಜನಕ್ಕೆ ಓದಿ ಹೇಳಿದ್ದ, ಸ್ವಲ್ಪ ಹೆಮ್ಮೆಯಿಂದಲೇ. ಭಾನುವಾರ ಊಟದ ಮೇಜಿನಲ್ಲಿ, ಮೆಕ್ಕೆಜೋಳದ ಹಿಟ್ಟು ಆವಿಯಲ್ಲಿ ಬೇಯಿಸಿದ ಕುಸ್‌ಕುಸ್ ಮೇಲೆ ಬೆಣ್ಣೆ ಸವರುತ್ತ ಮಗಳು ಸುದ್ದಿ ಹೇಳಿದಾಗ ಆ ಕಾಯಿದೆ ಅವನ ತಟ್ಟೆಗೇ ಬಂದು ಬಿದ್ದಂತಾಯಿತು. ಅವಳು ಹಲ್ಲಿನ ಡಾಕ್ಟರಿಕೆ ಮುಗಿಸಿದ್ದಳು, ಮುಂದಿನ ತಿಂಗಳು ಕ್ಲಿನಿಕ್ಕು ತೆರೆಯಬೇಕು, ಬೋರ್ಡು ಬರೆಸಬೇಕು. “ಡಾಕ್ಟರ್ ಮಂಜು ಅಂತ ಬರೆಸಿದ್ರೆ ಯಾರಪ್ಪಾ ಬಾಯಿ ತೆರೀತಾರೆ?” ಅಂದಿದ್ದಳು, ನಗುತ್ತಲೇ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಶಾಲೆಯಲ್ಲಿ ಹುಡುಗರು ಅವಳನ್ನು ಕಂಡರೆ ಲಾರಿಯ ಹಾಗೆ ಹಾರ್ನು ಹೊಡೆದು, ದೀಪ ಹಾಕ್ರೋ, ಮುಂದೆ ಏನೂ ಕಾಣಿಸ್ತಿಲ್ಲ ಎಂದು ಕೂಗುತ್ತಿದ್ದರು ಅನ್ನುವುದನ್ನು ಕೂಡ ಅವಳು ತಮಾಷೆಯಾಗಿಯೇ ಹೇಳಿದ್ದು, ಅದೂ ಕಾಲೇಜು ಸೇರಿದ ಮೇಲೆ. ಹೊಸ ಹೆಸರು ಯಾವುದು ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಕಾಯಿದೆಯೇ ಕೇಳಬಾರದು ಅನ್ನುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ. ಕಾಯಿದೆ ಕಾರಣ ಕೇಳಬಾರದು ಅನ್ನುತ್ತದೆಯೇ ಹೊರತು ಹೆಸರು ಕೇಳಬಾರದು ಅನ್ನುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ.

ಜೆನಿಲ್ಡಾಗೆ ಹೇಳಿ, ಕಚೇರಿಯ ಹಿಂದಿನ ಕಾಫಿ ಕೋಣೆಗೆ ಹೋದ. ಫ್ರಿಜ್ಜಿನ ಮೇಲಿನ ಪುಟ್ಟ ಟೀವಿಯ ಪಕ್ಕದಲ್ಲಿ ಅವಳು ಎಂದಿನಂತೆ ಟಾಯ್ಲೆಟ್ ಪೇಪರಿನ ಒಂದು ಉರುಳೆ ಇಟ್ಟಿದ್ದಳು. ಮೊದಲ ವಾರ ಅದು ಚೇಷ್ಟೆಯಾಗಿತ್ತು. ಈಗ ಕಚೇರಿಯ ಸಾಮಾನಿನ ಪಟ್ಟಿಯಲ್ಲೇ ಸೇರಿಹೋಗಿತ್ತು. ಐವತ್ತಾರು ವಯಸ್ಸಿನ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವ, ಮೀಸೆ ಇರುವ ಗಂಡಸು ದಿನಾ ಮಧ್ಯಾಹ್ನ ಒಂದು ದೆವ್ವಕ್ಕಾಗಿ ಅಳುವುದನ್ನು ನೋಡಿ ಜನ ಎಷ್ಟು ದಿನ ತಾನೇ ನಗುತ್ತಾರೆ, ಒಗ್ಗಿಕೊಳ್ಳುತ್ತಾರೆ. ಕಥೆಯೇನೋ ಮಗುವಿಗೂ ಅರ್ಥವಾಗುವಂಥದ್ದು. ಸಕ್ಕರೆ ಗಿರಣಿಯ ಧಣಿಯ ಮನೆಯವರು ಹೊಳೆಗೆ ತಳ್ಳಿ ಕೊಂದ ಹುಡುಗಿ ನೆಬ್ಲೀನಾ, ಮಂಜು ಕವಿದ ರಾತ್ರಿ ಎದ್ದು ಬರುತ್ತಾಳೆ. ಹೆಂಡತಿ ಸತ್ತ ಡಾಕ್ಟರ್ ಒತಾಸೀಲಿಯೊ ಒಬ್ಬನ ಕಣ್ಣಿಗೆ ಮಾತ್ರ ಕಾಣುತ್ತಾಳೆ. ಅವನು ಅವಳಿಗಾಗಿ ಕಿಟಕಿಯಲ್ಲಿ ದೀಪ ಇಡುತ್ತಾನೆ. ನೂರೆಪ್ಪತ್ತೊಂಬತ್ತು ಕಂತು ಇಡುತ್ತಾನೆ. ಈಗ ಎರಡನೆಯ ಸಲ ನೋಡುವಾಗ ಎವೆರಾಲ್ದೊನ ಕಣ್ಣಿಗೆ ಏನೇನೋ ಬೀಳುತ್ತಿತ್ತು. ಗೋರಿಯ ಕಲ್ಲಿಗೆ ಡಾಕ್ಟರ ಮೊಣಕೈ ತಾಗಿದರೆ ಕಲ್ಲೇ ಅಲ್ಲಾಡುತ್ತಿತ್ತು. ನಲವತ್ತನೆಯ ಕಂತಿನಲ್ಲಿ ದೆವ್ವದ ಕೈಯಲ್ಲಿ ವಾಚಿತ್ತು. ಮಂಜು ಕೆಳಗಿನ ಎಡಮೂಲೆಯಿಂದ ಮಾತ್ರ ಬರುತ್ತಿತ್ತು, ಹೊಗೆಯ ಯಂತ್ರ ಒಂದೇ ಇತ್ತೆಂದು ಕಾಣುತ್ತದೆ. ಇದನ್ನೆಲ್ಲ ನೋಡಿ ಅವನು ನಗುತ್ತಿದ್ದ. ನಗುತ್ತಿರುವಾಗಲೇ ಪಿಟೀಲು ಶುರುವಾಗುತ್ತಿತ್ತು, ಅಳುತ್ತಿದ್ದ. ತನ್ನ ಅಳುವಿಗೆ ಇಷ್ಟು ಕಡಿಮೆ ಸಾಕಾಗುತ್ತದಲ್ಲ ಎಂದು ನಾಚಿಕೆಯಾಗುತ್ತಿತ್ತು, ನಾಚಿಕೆಯಾದಷ್ಟೂ ಅಳು ಬರುತ್ತಿತ್ತು. ಸ್ವಂತ ಅಪ್ಪನ ಹೆಣದ ಮುಂದೆ ಅವನು ಅತ್ತಿರಲಿಲ್ಲ. ಪೆಟ್ಟಿಗೆಯ ಹಿಡಿ ಸಡಿಲವಾಗಿದೆ, ಹೊರುವಾಗ ಕಳಚೀತು ಎಂದು ಎಲ್ಲರಿಗೂ ಎಚ್ಚರಿಕೆ ಹೇಳಿಕೊಂಡು ತಿರುಗಿದ್ದ.

ಹೆಂಡತಿ ಇವೊನೇತಿ ಮನೆಯಲ್ಲಿ ಆ ಧಾರಾವಾಹಿ ಹಾಕಲು ಬಿಡುತ್ತಿರಲಿಲ್ಲ. ಆ ದೆವ್ವದ ಮುಖ ಕಂಡರೆ ನನಗೆ ನನ್ನಮ್ಮನ ನೆನಪಾಗುತ್ತೆ ಅನ್ನುತ್ತಿದ್ದಳು. ಅವಳ ಅಮ್ಮ ಝುಲ್ಮೀರಾ, ಇವೊನೇತಿ ಬಸುರಿಯಾದ ನಾಲ್ಕನೆಯ ತಿಂಗಳಲ್ಲಿ ತೀರಿಕೊಂಡವಳು. ಹೆಣ್ಣಾದರೆ ಝುಲ್ಮೀರಾ ಎಂದು ಆಗಲೇ ಮಾತಾಗಿತ್ತು. ಪುಟ್ಟ ಹೊದಿಕೆಯ ಮೂಲೆಯಲ್ಲಿ ಆ ಹೆಸರು ಕಸೂತಿಯಲ್ಲಿ ಬಂದೂ ಇತ್ತು. ಬಾಣಂತಿ ಮಲಗಿದ್ದಳು, ನೋಂದಣಿಗೆ ಹೋದವನು ಅಪ್ಪ. ಈ ದೇಶದಲ್ಲಿ ಅರ್ಧ ಜನರ ಹೆಸರು ಹೀಗೆಯೇ ಆಗಿರುವುದು: ಮನೆಯಿಂದ ಕಚೇರಿಯ ತನಕ ನಾಲ್ಕು ಬೀದಿ, ಆ ನಾಲ್ಕು ಬೀದಿಯಲ್ಲಿ ಗಂಡಸಿನ ತಲೆಯೊಳಗೆ ಏನು ಹೊಕ್ಕುತ್ತದೋ ಅದು. ಸಂಜೆ ಅವನು ಪ್ರಮಾಣಪತ್ರ ತಂದು ಮಂಚದ ಮೇಲಿಟ್ಟಾಗ ಇವೊನೇತಿ ಓದಿದಳು, ಮಡಿಸಿಟ್ಟಳು, ಹನ್ನೊಂದು ದಿನ ಅವನ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ಅವಳ ಅಕ್ಕ ಬಂದು, ಹೋಗಲಿ ಬಿಡೆ, ಹೆಸರು ಯಾವುದಾದರೇನು, ಮಗು ಎತ್ತಿಕೊಂಡು ಗೊಳೋ ಎಂದು ಅತ್ತ ಗಂಡಸನ್ನು ನೀನು ಎಲ್ಲಿ ನೋಡಿದ್ದೀಯ ಅಂದಳಂತೆ. ನಿಜ ಅಂದಳಂತೆ ಇವೊನೇತಿ. ಅವತ್ತು ಅವನ ತಟ್ಟೆಗೆ ಬಿಸಿ ಊಟ ಬಿತ್ತು. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ, ಕೇಕು ಕತ್ತರಿಸುವ ಮುಂಚೆ, ಅವಳು ಅದೇ ಕಥೆ ಹೇಳುತ್ತಿದ್ದಳು. ನರ್ಸು ಒಳಗೆ ಬಂದು ಅಂದಳು, ತಾಯೀ, ನಿನ್ನ ಗಂಡನಷ್ಟು ಅತ್ತವನನ್ನು ನಾನು ಈ ಆಸ್ಪತ್ರೆಯಲ್ಲಿ ಕಂಡಿಲ್ಲ, ಮಗುವನ್ನು ಬಿಡಲೇ ಒಲ್ಲ. ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಅವನು ನೆಲ ನೋಡುತ್ತಿದ್ದ. ಎಷ್ಟು ನಾಚಿಕೆಯ ಮನುಷ್ಯ ನೋಡಿ ಅನ್ನುತ್ತಿದ್ದರು. ಇಪ್ಪತ್ತಾರು ಕೇಕುಗಳನ್ನು ಅವನು ಹಾಗೆಯೇ ನುಂಗಿದ್ದ.

ಮಗಳು ಹುಟ್ಟಿದ ಆ ಸಂಜೆ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಇಬ್ಬರೇ ಗಂಡಸರಿದ್ದರು. ಅವನು, ಮತ್ತೊಬ್ಬ ಎತ್ತರದ, ತೊಗಲು ಟೋಪಿ ಮಡಿಲಲ್ಲಿಟ್ಟುಕೊಂಡ ಹಳ್ಳಿಯವನು. ಮಧ್ಯಾಹ್ನದಿಂದ ಒಂದೇ ಬೆಂಚಿನಲ್ಲಿ ಕೂತಿದ್ದರು, ಒಂದೇ ಪೊಟ್ಟಣದಿಂದ ನೆಲಗಡಲೆ ತಿಂದಿದ್ದರು, ಹೆಸರು ಕೇಳಿಕೊಂಡಿರಲಿಲ್ಲ. ಆಗ ಧಾರಾವಾಹಿ ಸಂಜೆ ಆರಕ್ಕೆ ಬರುತ್ತಿತ್ತು, ಅದಕ್ಕೆ ಐದು ನಿಮಿಷವಿರುವಾಗ ಎವೆರಾಲ್ದೊ ಎದ್ದ. ಮುಂಚಿನ ದಿನ ಕಂತು ಮುಗಿದದ್ದು ನೆಬ್ಲೀನಾ ಕಿಟಕಿಯ ಹೊರಗೆ ಬಂದು ನಿಂತಲ್ಲಿಗೆ. ನೂರಹನ್ನೊಂದು ಕಂತು ಡಾಕ್ಟರ ಜೊತೆ ಬಾಯಿ ತೆರೆಯದವಳು ಅಂದು ತೆರೆಯಬೇಕಿತ್ತು. “ಐದೇ ನಿಮಿಷ ಅಣ್ಣಾ, ನನ್ನನ್ನ ಕರೆದ್ರೆ ಸ್ವಲ್ಪ ನೋಡ್ಕೊಳ್ಳಿ,” ಅಂದ. ನೋಡ್ಕೋತೀನಿ, ಹೋಗಿ ಬನ್ನಿ ಅಂದ ಆ ಮನುಷ್ಯ. ಎದುರಿನ ಹೋಟೆಲಿನಲ್ಲಿ ಒಂದು ಲೋಟ ಬಿಸಿ ಹುರುಳಿ ಸಾರು ಹಿಡಿದು, ಕಪಾಟಿನ ಮೇಲಿನ ಟೀವಿಯ ಕೆಳಗೆ ನಿಂತವನು ಐವತ್ತು ನಿಮಿಷ ನಿಂತ. ಕೊನೆಗೆ ಆ ದೃಶ್ಯ ಬಂತು. ದೆವ್ವ ಕಿಟಕಿಯ ಗಾಜಿನ ಮೇಲೆ ಕೈ ಇಟ್ಟು, ನನಗಾಗಿ ಕಾದೆಯಾ ಎಂದು ಕೇಳಿತು. ದಿನಾ ಅಂದ ಡಾಕ್ಟರು. ಎವೆರಾಲ್ದೊ ಲೋಟ ಮೇಜಿನ ಮೇಲಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಒಬ್ಬ ಗಂಡಸು ಇನ್ನೊಂದು ಜೀವಕ್ಕಾಗಿ ಹಾಗೆ ಕಾಯುವುದನ್ನು ಕಂಡು ಅವನ ಕರುಳು ಕಿತ್ತುಬಂದಿತ್ತು. ರಸ್ತೆಯ ಆಚೆ ಅವನ ಮಗಳು ಹುಟ್ಟಿ ಇಪ್ಪತ್ತೈದು ನಿಮಿಷವಾಗಿತ್ತು.

ಓಡಿ ಬಂದಾಗ ಆ ಎತ್ತರದ ಮನುಷ್ಯ ಗೇಟಿನಿಂದ ಹೊರಗೆ ಬರುತ್ತಿದ್ದ. ಮುಖವೆಲ್ಲ ಒದ್ದೆ. “ಹೆಣ್ಣು ಮಗು. ನಿಮ್ಮನ್ನ ಕರೆದ್ರು, ನಾನೇ ಎದ್ದೆ, ಕೈಗೆ ಕೊಟ್ಟುಬಿಟ್ರು. ತಪ್ಪು ತಿಳ್ಕೋಬೇಡಿ,” ಅಂದ. ಎವೆರಾಲ್ದೊ ಅವನ ಹೆಗಲು ತಟ್ಟಿ ಒಳಗೆ ಓಡಿದ. ಅವನ ಕೆಂಗಣ್ಣು ಕಂಡು ಇವೊನೇತಿ ಮುಗುಳ್ನಕ್ಕು, ನರ್ಸ್ ಎಲ್ಲಾ ಹೇಳಿದಳು ಕಣೋ ಅಂದಳು. ಆಗ ಹೇಳಿಬಿಡಬಹುದಿತ್ತು. ನಾಳೆ ಹೇಳೋಣ ಅಂದುಕೊಂಡ. ಮೂರನೆಯ ದಿನ ನೋಂದಣಿ ಕಚೇರಿಯ ಹಾದಿಯ ನಾಲ್ಕು ಬೀದಿಯಲ್ಲಿ ಅವನ ತಲೆಗೆ ಹೊಕ್ಕಿದ್ದು ಇಷ್ಟೇ: ಮಗುವಿನ ಹೆಸರೂ ನೆಬ್ಲೀನಾ ಆಗಿಬಿಟ್ಟರೆ, ಆ ಐವತ್ತು ನಿಮಿಷ ಅವಳಿಗಾಗಿಯೇ ಕಳೆದ ಹಾಗಾಗುತ್ತದೆ.

ಈಗ ಟೀವಿಯಲ್ಲಿ ಶೀರ್ಷಿಕೆಯ ಹಾಡು ಮುಗಿದಿತ್ತು. ಆ ವಾರದ ಕಥಾಸಾರ ಅಚ್ಚಾದ ಹಳೆಯ ಪತ್ರಿಕೆಯ ತುಂಡು ಅವನ ಬಳಿ ಇತ್ತು. ಮರುಪ್ರಸಾರದಲ್ಲಿ ಕಂತುಗಳನ್ನು ಕೂಡಿಸಿ ಹೊಲಿಯುತ್ತಿದ್ದರಾದರೂ ಲೆಕ್ಕ ಹಾಕಿ ಇವತ್ತೇ ಎಂದು ಖಚಿತ ಮಾಡಿಕೊಂಡಿದ್ದ. ನಾಲ್ಕು ತಿಂಗಳು ಅವನು ಕಾದದ್ದು ಈ ಒಂದು ದೃಶ್ಯಕ್ಕೆ. ಮತ್ತೆ ನೋಡಿದರೆ ಗೊತ್ತಾಗುತ್ತದೆ, ಅಂದು ಎದ್ದು ಹೋದದ್ದಕ್ಕೆ ಅದು ತಕ್ಕದ್ದಾಗಿತ್ತೋ ಇಲ್ಲವೋ ಎಂದು. ತಕ್ಕದ್ದಾಗಿದ್ದರೆ, ಮೂರೂವರೆಗೆ ಮಗಳು ಬಂದಾಗ ಏನಾದರೂ ಹೇಳಬಹುದು. ನೋಡು ಮಗಳೇ, ಎಂಥ ಚೆಲುವಿನಿಂದ ನಿನ್ನ ಹೆಸರು ಬಂತು ಅನ್ನಬಹುದು. ದೆವ್ವ ಕಿಟಕಿಯ ಹೊರಗೆ ಬಂದು ನಿಂತಿತು. ಡಾಕ್ಟರು ತಿರುಗಿದ. ಎವೆರಾಲ್ದೊ ಉರುಳೆಯಿಂದ ಎರಡು ಮೊಳ ಕಾಗದ ಹರಿದು ಸಿದ್ಧವಾದ. ಬಟ್ಟೆ ಸೋಪಿನ ಜಾಹೀರಾತು ಬಂತು, ಮೊಬೈಲಿನದು ಬಂತು, ಕೋಳಿ ಸಾರಿನ ಪುಡಿಯದು ಬಂತು. ಮತ್ತೆ ಕಥೆ ಶುರುವಾದಾಗ ಬೆಳಗಾಗಿತ್ತು. ಡಾಕ್ಟರು ರೊಟ್ಟಿಗೆ ಜಾಮ್ ಹಚ್ಚುತ್ತಿದ್ದ, ಅಡುಗೆಯವಳು ಗಿರಣಿಯ ಕೂಲಿಯ ಬಗ್ಗೆ ಮಾತಾಡುತ್ತಿದ್ದಳು. ಎವೆರಾಲ್ದೊ ಎದ್ದು ಟೀವಿಯ ಹತ್ತಿರ ಹೋಗಿ ನಿಂತ, ಅಲ್ಲೆಲ್ಲೋ ಬಿದ್ದಿರಬೇಕು ಎಂಬಂತೆ. ದೃಶ್ಯ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಂದಿಸಲು ಉದ್ದವಾದುದನ್ನು ಕತ್ತರಿಸುತ್ತಾರೆ, ಕಥೆಗೆ ಬೇಕಾಗದ್ದನ್ನು ತೆಗೆಯುತ್ತಾರೆ. ಯಾವನೋ ಒಬ್ಬ ಕತ್ತರಿ ಹಿಡಿದವನಿಗೆ ಇದು ಬೇಕಾಗಿಲ್ಲ ಅನ್ನಿಸಿತ್ತು. ಅದಿಲ್ಲದೆಯೂ ಕಥೆ ಸಲೀಸಾಗಿ ನಡೆಯುತ್ತಿತ್ತು. ಜಾಮ್ ಹಚ್ಚಿದ ರೊಟ್ಟಿ ಡಾಕ್ಟರ ಬಾಯಿಗೆ ಹೋಯಿತು.

ಕಾಫಿಗೆ ಬಂದ ಜೆನಿಲ್ಡಾ, ಏನಿವತ್ತು ಕಾಗದ ಒಣಗಿದೆ, ದೆವ್ವಕ್ಕೆ ರಜೆಯಾ ಎಂದು ಕೇಳಿದಳು. ಅವನು ಒಣ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಅವಳು ದನಿ ತಗ್ಗಿಸಿ, “ಎವೆರಾಲ್ದೊ ಅವರೇ, ಮಗಳು ಬಂದಿದ್ದಾಳೆ. ನಿಯಮ ಗೊತ್ತಲ್ಲ, ರಕ್ತಸಂಬಂಧದವರ ಕಾಗದ ನೀವು ಮುಟ್ಟೋ ಹಾಗಿಲ್ಲ. ನಾನು ಮಾಡ್ತೀನಿ. ಆಚೆ ಹೋಗಿ ಕೂತ್ಕೊಳ್ಳಿ,” ಅಂದಳು.

ಇಪ್ಪತ್ತು ವರ್ಷದಲ್ಲಿ ಅವನು ಕೌಂಟರಿನ ಆಚೆಯ ಬೆಂಚಿನಲ್ಲಿ ಕೂತದ್ದು ಅದೇ ಮೊದಲು. ತಾನೇ ಆರಿಸಿ ತರಿಸಿದ ಬೆಂಚು. ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ನೆಬ್ಲೀನಾ ಬಿಳಿ ಸ್ವೆಟರ್ ಹಾಕಿಕೊಂಡು ಮಡಿಲಲ್ಲಿ ಕಾಗದಗಳ ಕವರು ಇಟ್ಟುಕೊಂಡು ಕೂತಿದ್ದಳು, ಮುಂದೆ ಇನ್ನೂ ಮೂವರಿದ್ದರು. ಅಪ್ಪನ ಮುಖ ನೋಡಿ, ನನ್ನ ಮೇಲೆ ಕೋಪವಾ ಎಂದು ಕೇಳಿದಳು. ಅಲ್ಲ, ಒಂದು ದೃಶ್ಯ ಕತ್ತರಿಸಿದ್ದಾರೆ ಅಂದುಬಿಟ್ಟ. ಬಾಯಿಂದ ಬಿದ್ದದ್ದು ಅದೇ. ಅವಳು ನಕ್ಕಳು. ಆಮೇಲೆ ಅವನು ಹೇಳತೊಡಗಿದ, ಅವಳ ಕಡೆ ನೋಡದೆ, ಎದುರಿನ ಗೋಡೆಯ ಶುಲ್ಕದ ಪಟ್ಟಿಯನ್ನು ಓದುವವನ ಹಾಗೆ. ಹೋಟೆಲು, ಹುರುಳಿ ಸಾರು, ಕಿಟಕಿಯ ಗಾಜು, ಐವತ್ತು ನಿಮಿಷ. ಹೇಳುತ್ತ ಹೋದ ಹಾಗೆ ಅದು ತಾನು ಅಂದುಕೊಂಡಷ್ಟು ದೊಡ್ಡ ಪಾಪವಾಗಿ ಕಾಣಲಿಲ್ಲ, ಬರೀ ಪೆದ್ದುತನವಾಗಿ ಕಂಡಿತು, ಅದು ಇನ್ನೂ ಅವಮಾನವೆನಿಸಿತು. ಪಾಪಿಯಾದರೂ ಆಗಿರುತ್ತೇನೆ ಎಂದುಕೊಂಡಿದ್ದವನಿಗೆ ಕೋಡಂಗಿಯ ಟೋಪಿ ಸಿಕ್ಕ ಹಾಗಾಯಿತು.

ಮಗಳು ನಿಜವಾಗಿಯೂ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು, ಬೆಂಚು ಅಲುಗುವ ಹಾಗೆ ನಕ್ಕಳು. ಆಗಿನ ಕಾಲದಲ್ಲಿ ಗಂಡಸರನ್ನು ಒಳಗೆ ಬಿಡುತ್ತಲೂ ಇರಲಿಲ್ಲವಲ್ಲ, ಪಡಸಾಲೆಯಲ್ಲಿ ಕೂತರೇನು, ಹೋಟೆಲಿನಲ್ಲಿ ಕೂತರೇನು, ಇದಕ್ಕಾಗಿ ಇಪ್ಪತ್ತಾರು ವರ್ಷ ಬೆವರಿದೆಯಾ ಅಂದಳು. ಕಣ್ಣು ಒರೆಸಿಕೊಂಡಳು. ನಗು ಅಲ್ಲಿಗೇ ನಿಂತಿತು.

“ಹಾಗಾದ್ರೆ ಅತ್ತದ್ದು ಯಾರಪ್ಪಾ?”

ಅವನು ಹೇಳಿದ. ತೊಗಲು ಟೋಪಿ, ನೆಲಗಡಲೆ, ಗೇಟಿನ ಹತ್ತಿರ ಒದ್ದೆ ಮುಖ. ಅವನಿಗೂ ಮಗು ಹುಟ್ಟಿರಬೇಕು, ಆ ಖುಷಿಗೆ ಇರಬೇಕು ಅಂದ.

“ಅವರಿಗೇನು ಹುಟ್ಟಿತ್ತು?”

ಗೊತ್ತಿಲ್ಲ ಅಂದ. ಅವಳು ತಿರುಗಿ ಅವನನ್ನೇ ನೋಡಿದಳು. ಗೇಟಿನಲ್ಲಿ ಆ ಮನುಷ್ಯನಿಗೆ ‘ನಿಮ್ಮದು?’ ಎಂಬ ಒಂದು ಮಾತು. ಅಷ್ಟು ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೆಗಲು ತಟ್ಟುವಷ್ಟು ಹೊತ್ತು ಸಾಕಾಗುತ್ತಿತ್ತು. ಅವಳೇನೂ ಹಾಗೆ ಅನ್ನಲಿಲ್ಲ, ಆದರೆ ಅವನಿಗೆ ಕೇಳಿಸಿತು. “ಇಲ್ಲೇ ಇರಬೇಕಲ್ವಾ? ಅವತ್ತಿನ ಪುಸ್ತಕದಲ್ಲಿ?” ಅಂದಳು. ಇತ್ತು. ಇಪ್ಪತ್ತು ವರ್ಷದಿಂದ ಅವನ ಕುರ್ಚಿಯ ಬೆನ್ನ ಹಿಂದೆ, ಆರು ಹೆಜ್ಜೆ ದೂರದ ಕಪಾಟಿನಲ್ಲಿ ಇತ್ತು. ಯಾರ್ಯಾರೋ ಮುದುಕರ ಪಿಂಚಣಿಗೆಂದು ಅವನು ಆ ಕಪಾಟನ್ನು ಸಾವಿರ ಸಲ ತೆರೆದಿದ್ದ.

ಜೆನಿಲ್ಡಾ ಸಂಖ್ಯೆ ಕೂಗಿದಳು. ಮಗಳು ಎದ್ದು, ಹಿಂದಿನವರನ್ನು ಮುಂದೆ ಬಿಡಿ ಅಂದಳು. ಅಪ್ಪ ಮಗಳು ಇಬ್ಬರೂ ಒಳಗೆ ಹೋಗುವುದನ್ನು ಜೆನಿಲ್ಡಾ ನೋಡಿದಳು. ಹೊರಗಿನವರನ್ನು ದಾಖಲೆ ಕೋಣೆಗೆ ಬಿಡಬಾರದು ಎಂಬ ನಿಯಮ ಅವಳಿಗೂ ಗೊತ್ತಿತ್ತು, ಆದರೆ ಅವಳು ಮೊಹರಿಗೆ ಶಾಯಿ ಹಾಕುವುದರಲ್ಲಿ ಮುಳುಗಿದಳು.

ಆ ವರ್ಷದ ಜನನದ ಪುಸ್ತಕ ದಪ್ಪಗಿತ್ತು. ತನ್ನ ಮಗಳ ಪುಟ ಅವನಿಗೆ ಹುಡುಕದೆಯೇ ಸಿಕ್ಕಿತು. ಜುಲೈ ಒಂಬತ್ತು, ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ, ಹೆಣ್ಣು. ಅದರ ಹಿಂದೆ ಮುಂದೆ ಹದಿನೈದು ದಿನದ, ತಿಂಗಳಿನ ಪುಟ ತಿರುವಿದ. ಆ ಆಸ್ಪತ್ರೆಯಲ್ಲಿ ಅಂದು ಸಂಜೆ ಹುಟ್ಟಿದ ಇನ್ನೊಂದು ಮಗು ಇರಲಿಲ್ಲ. ಬೆಳಿಗ್ಗೆ ಒಂದು, ನಡುರಾತ್ರಿಯ ಮೇಲೆ ಎರಡು. ಮೂರರ ಅಪ್ಪಂದಿರೂ ಅವನಿಗೆ ಗೊತ್ತಿದ್ದವರೇ. ಬೇರೆ ಊರಲ್ಲಿ ಬರೆಸಿರಬಹುದು ಅಂದಳು ಮಗಳು. ಇರಬಹುದು ಅಂದ ಅವನು. ಹಾಗೆ ಹೇಳುತ್ತಿರುವಾಗಲೇ ಅವನ ಕೈ ಕೆಳಗಿನ ಹಲಗೆಗೆ ಹೋಗಿತ್ತು. ಅಲ್ಲಿ ಒಂದು ತೆಳು ಪುಸ್ತಕ ಇದೆ. ಸತ್ತೇ ಹುಟ್ಟಿದವರಿಗೆ ಬೇರೆ ಪುಸ್ತಕ. ವರ್ಷಕ್ಕೆ ಕೆಲವೇ ಪುಟ ತುಂಬುತ್ತವೆ, ಅದಕ್ಕೇ ಹತ್ತು ವರ್ಷಕ್ಕೆ ಒಂದು ಸಾಕಾಗುತ್ತದೆ.

ಜುಲೈ ಒಂಬತ್ತು, ಸಂಜೆ ಆರು ಗಂಟೆ ಐದು ನಿಮಿಷ. ಗಂಡು. ತಂದೆ ಆದೆಲ್ಮೊ, ದನಗಾಹಿ. ಕಾಯೆತೆಸ್ ಊರಿನವನು. ಸಹಿ ಬಾರದವನಾದ್ದರಿಂದ ಹೆಬ್ಬೆಟ್ಟು. ಮಗುವಿನ ಹೆಸರಿನ ಜಾಗದಲ್ಲಿ, ಆಗಿನ ನಿಯಮದಂತೆ, ಉದ್ದಕ್ಕೆ ಒಂದು ಗೆರೆ ಎಳೆದಿದ್ದರು.

ಆರು ಗಂಟೆ ಐದು ನಿಮಿಷಕ್ಕೆ ಆದೆಲ್ಮೊನಿಗೆ ಸುದ್ದಿ ಹೇಳಿರಬೇಕು. ಎದ್ದು ಹೋಗಬಹುದಿತ್ತು. ಇನ್ನೊಬ್ಬನಿಗೆ ನೋಡ್ಕೋತೀನಿ ಎಂದು ಮಾತು ಕೊಟ್ಟಿದ್ದನಲ್ಲ, ಕೂತ. ಆರು ಇಪ್ಪತ್ತೈದಕ್ಕೋ ಆರೂವರೆಗೋ ನರ್ಸು ಬಂದು ಇವೊನೇತಿಯ ಗಂಡ ಯಾರು ಎಂದು ಕೂಗಿದಾಗ ಎದ್ದು ನಿಂತ. ಕೈ ಚಾಚಿದ.

ಎವೆರಾಲ್ದೊ ಅಳು ಬರಲಿ ಎಂದು ಕಾದ. ಹೊಗೆಯ ಯಂತ್ರಕ್ಕೆ, ರಟ್ಟಿನ ಗೋರಿಗೆ, ವಾಚು ಕಟ್ಟಿದ ದೆವ್ವಕ್ಕೆ ಕರೆಯದೆ ಬರುತ್ತಿದ್ದ ಅಳು ಬರಲಿಲ್ಲ.  ಕಪಾಟಿನ ಅಂಚು ಹಿಡಿದುಕೊಂಡ. ಮಗಳು ಮುಖ ತಿರುಗಿಸಿಕೊಂಡು ನಿಂತಿದ್ದಳು, ಅವಳ ಬೆನ್ನು ನಡುಗುತ್ತಿತ್ತು. ಕೊನೆಗೆ ಅವಳು ಮೂಗು ಒರೆಸಿಕೊಂಡು, ಆ ಹೆಸರನ್ನೂ ಊರನ್ನೂ ತನ್ನ ಕವರಿನ ಮೇಲೆ ಬರೆದುಕೊಂಡಳು. ಬದುಕಿದ್ದಾರೋ ಇಲ್ಲವೋ ಅಂದ ಅವನು. ಹುಡುಕೋಣ ಅಂದಳು ಅವಳು.

“ಅಮ್ಮನಿಗೆ ನೀನೇ ಹೇಳ್ಬೇಕು ಅಪ್ಪಾ,” ಅಂದಳು. “ಅವಳು ನಿನ್ನನ್ನ ಕ್ಷಮಿಸಿದ್ದು ಈ ಮನುಷ್ಯ ಅತ್ತದ್ದಕ್ಕೆ.”

“ಇವತ್ತೇ?”

“ಇವತ್ತೇ.”

ಆಮೇಲೆ ಅವಳು ಹೊರಗೆ ಹೋಗಿ ಜೆನಿಲ್ಡಾಳ ಎದುರು ಕೂತಳು. ಅವನು ತೆಳು ಪುಸ್ತಕವನ್ನು ಅದರ ಜಾಗದಲ್ಲಿಟ್ಟು ಬರುವ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿತ್ತು. ನಿಯಮದಂತೆ ಜೆನಿಲ್ಡಾ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು: ಇಂದಿನಿಂದ ಅರ್ಜಿದಾರಳ ಹೆಸರು ಝುಲ್ಮೀರಾ. ಮಗಳು ಸಹಿ ಹಾಕಿದಳು. ಹೊಸ ಹೆಸರಿನ ಮೊದಲ ಸಹಿ. ಮಕ್ಕಳು ಕಾಪಿ ಬರೆಯುವ ಹಾಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ. ಎವೆರಾಲ್ದೊನಿಗೆ ಏನೋ ಹೇಳಬೇಕೆನಿಸಿತು, ಹೇಳಲು ತನಗೆ ಯಾವ ಹಕ್ಕೂ ಇಲ್ಲವೆನಿಸಿತು. ತನ್ನ ಕುರ್ಚಿಗೆ ಹೋಗಿ ಕೂತ. ಕಚೇರಿ ಮುಚ್ಚುವುದು ಐದಕ್ಕೆ, ನೀನು ಹೋಗಿರು, ನಾನು ಬರುತ್ತೇನೆ ಅಂದ. ಇಷ್ಟು ವರ್ಷ ನಾಳೆ ನಾಳೆ ಎಂದು ದೂಡಿದವನು ಇನ್ನೊಂದು ದಾರಿ ಹುಡುಕಿಕೊಂಡಾನು ಎಂದು ಅವಳಿಗೆ ಗೊತ್ತಿತ್ತೋ ಏನೋ.

“ಇಲ್ಲಪ್ಪಾ, ನಾನು ಇಲ್ಲೇ ಕೂತಿರ್ತೀನಿ,” ಅಂದಳು ಝುಲ್ಮೀರಾ.

ಐದು ಗಂಟೆಗೆ ಇನ್ನೂ ಐವತ್ತು ನಿಮಿಷ ಇತ್ತು. ಒಂದು ಮದುವೆಯ ಕಾಗದ ಬಂತು, ಎರಡು ಸಾವು ಬಂದವು, ಅವನು ಬರೆದ. ಹೊರಗೆ ಮಂಜು ಇಳಿದು ರಸ್ತೆಯ ಆಚೆಯ ಅಂಗಡಿಗಳು ಮಾಸತೊಡಗಿದ್ದವು. ಅವನು ನಡುನಡುವೆ ಪೆನ್ನು ನಿಲ್ಲಿಸಿ, ಕತ್ತು ಎತ್ತಿ ಬೆಂಚಿನ ಕಡೆ ನೋಡುತ್ತಿದ್ದ. ಪ್ರತಿ ಸಲವೂ ಅವಳು ಅಲ್ಲೇ ಇದ್ದಳು.